ಗಾಂಧಿ ಕ್ಲಾಸಿನಿಂದ: ಬಿದ್ದವನು ಯಾರು ಸ್ವಾಮಿ?

ದಾವಣಗೆರೆ ಕಡೆಯ ಓದುಗರೊಬ್ಬರು ಕಾರ್ಡು ಹಾಕಿದ್ದಾರೆ. ವಾರ ವಾರ ಹೊಸ ಚಿತ್ರಗಳನ್ನು ಬೈದು ಬೈದು ಹೊಟ್ಟೆ ಹೊರೆಯುವ ಬದಲು, ನೋಡಲೇಬೇಕಾದ ಹಳೆಯ ಫೈಟಿಂಗ್ ಚಿತ್ರಗಳು ಯಾವುವು ಅಂತ ಒಂದು ಪಟ್ಟಿ ಕೊಡಿ ನೋಡೋಣ ಅಂತ ಸವಾಲು. ಒಪ್ಪಿದೆ ಸ್ವಾಮಿ. ಆದರೆ ದಿನಸಿ ಅಂಗಡಿ ಚೀಟಿ ಹಾಗೆ ಒಂದು, ಎರಡು, ಮೂರು ಅಂತ ಬರೆದುಕೊಡೋದು ನನ್ನ ಕೈಲಾಗದು. ನನ್ನ ಹತ್ತಿರ ಇರೋದು ಒಂದೇ ಅಳತೆಗೋಲು.

ಪರದೆಯ ಮೇಲೆ ಹೀರೋ ಒಂದೇಟು ಕೊಡುತ್ತಾನೆ. ಒಬ್ಬ ಮಹಡಿಯಿಂದ ಹಾರಿ, ತಳ್ಳುಗಾಡಿ ಮುರಿದು, ಟೊಮ್ಯಾಟೋ ರಾಶಿಯ ಮೇಲೆ ಬೀಳುತ್ತಾನೆ. ಹೊಡೆದವನು ಯಾರು ಅಂತ ಕೇಳಬೇಕಾದ್ದೇ ಇಲ್ಲ, ಅವನ ಮುಖ ಊರಿನ ಗೋಡೆ ಗೋಡೆಯ ಮೇಲಿದೆ. ನಾನು ಕೇಳೋದು ಬಿದ್ದವನ ವಿಷಯ. ಬಿದ್ದವನು ಯಾರು? ಹೇಗೆ ಬಿದ್ದ? ಆಮೇಲೆ ಎದ್ದನಾ? ಈ ಪ್ರಶ್ನೆ ಕೇಳಿಕೊಂಡು ನೋಡಿದರೆ ಎಷ್ಟೋ ಭಾರೀ ಚಿತ್ರಗಳು ಚಪ್ಪಟೆಯಾಗುತ್ತವೆ. ಕೆಲವು ಮಾತ್ರ ಇನ್ನೂ ದೊಡ್ಡದಾಗುತ್ತವೆ. ಆ ಕೆಲವೇ ನನ್ನ ಪಟ್ಟಿ.

ಮೊದಲು ಮೂಕಿ ಕಾಲಕ್ಕೆ ಹೋಗೋಣ. ಬಸ್ಟರ್ ಕೀಟನ್. ಚಾಪ್ಲಿನ್ ಗೊತ್ತಿರೋ ನಮ್ಮ ಜನಕ್ಕೆ ಈ ಪುಣ್ಯಾತ್ಮ ಗೊತ್ತಿಲ್ಲ, ಅದೇ ಅನ್ಯಾಯ. ಇವನ ಮುಖದಲ್ಲಿ ನಗುವೇ ಇಲ್ಲ, ಕಲ್ಲು! 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದಲ್ಲಿ ಬಿರುಗಾಳಿ ಎದ್ದು ಒಂದು ಮನೆಯ ಇಡೀ ಮುಂಗೋಡೆ ಅವನ ಮೇಲೆ ಕವುಚಿ ಬೀಳುತ್ತದೆ. ಅವನು ನಿಂತಿದ್ದು ಮೇಲಂತಸ್ತಿನ ತೆರೆದ ಕಿಟಕಿ ಬಂದು ಕೂರುವ ಜಾಗಕ್ಕೆ ಸರಿಯಾಗಿ. ಗೋಡೆ ನೆಲಕ್ಕೆ, ಧೂಳು ಆಕಾಶಕ್ಕೆ, ಕೀಟನ್ ಕಿಟಕಿಯ ಚೌಕದ ನಡುವೆ ನಿಂತಲ್ಲೇ ನಿಂತಿದ್ದಾನೆ! ರಟ್ಟಿನ ಗೋಡೆ ಅಂದುಕೊಂಡಿರಾ? ಸುಮಾರು ಎರಡು ಟನ್ ತೂಕ. ತಲೆಗೂ ಭುಜಕ್ಕೂ ಸುತ್ತ ಉಳಿದಿದ್ದ ಜಾಗ ಕೆಲವೇ ಅಂಗುಲ. ಒಂದು ಹೆಜ್ಜೆ ಆಚೆ ಈಚೆ ಆಗಿದ್ದರೆ ಆ ಚಿತ್ರವೂ ಇಲ್ಲ, ಆ ಮನುಷ್ಯನೂ ಇಲ್ಲ.

ಇದನ್ನು ಧೈರ್ಯ ಅಂತ ಕರೆಯೋರು ಕರೀಲಿ. ನಾನು ಲೆಕ್ಕ ಅಂತೀನಿ. ಗೋಡೆ ಎಷ್ಟು ಎತ್ತರ, ಕಿಟಕಿ ಎಷ್ಟು ಅಗಲ, ಅದು ಎಲ್ಲಿ ಬಂದು ಕೂರುತ್ತೆ, ಕಾಲು ಎಲ್ಲಿ ಊರಬೇಕು... ಮನೆ ಕಟ್ಟುವ ಮೇಸ್ತ್ರಿ ಹಾಕುವ ಲೆಕ್ಕ. ಇದೇ ಕೀಟನ್ ಅದಕ್ಕೆ ಎರಡು ವರ್ಷ ಮೊದಲು ‘ದಿ ಜನರಲ್’ ತೆಗೆದ. ಅಮೆರಿಕದ ಅಂತರ್ಯುದ್ಧದ ಕಾಲದ ಕಥೆ, ತನ್ನ ರೈಲು ಎಂಜಿನ್ನನ್ನು ಶತ್ರುಗಳು ಕದ್ದೊಯ್ದಾಗ ಅಟ್ಟಿಸಿಕೊಂಡು ಹೋಗುವ ಡ್ರೈವರನ ಕಥೆ. ಅದರಲ್ಲಿ ಉರಿಯುತ್ತಿರುವ ಸೇತುವೆಯ ಮೇಲೆ ರೈಲು ಬಂದು, ಸೇತುವೆ ಕುಸಿದು, ಎಂಜಿನ್ ಹೊಳೆಗೆ ಬೀಳುತ್ತದೆ. ಆಟಿಕೆ ರೈಲಲ್ಲ. ಓರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಹತ್ತಿರ 1926ರ ಜುಲೈನಲ್ಲಿ ನಿಜವಾದ ಎಂಜಿನ್ನನ್ನೇ ಕೆಡವಿದರು. ಆ ಒಂದೇ ಒಂದು ಷಾಟಿಗೆ 42,000 ಡಾಲರ್ ಖರ್ಚು, ಮೂಕಿ ಕಾಲದ ಅತಿ ದುಬಾರಿ ಷಾಟ್ ಅದೇ ಅನ್ನುತ್ತಾರೆ. ಆದರೆ ಎಂಜಿನ್ನಿನಲ್ಲಿ ಕೂತಿದ್ದು ಬೊಂಬೆ. ಇದನ್ನು ಗಮನಿಸಿ. ತಾನೇ ನಿಲ್ಲಬಹುದಾದ ಕಡೆ ತಾನೇ ನಿಂತ. ಮನುಷ್ಯ ಕೂರಬಾರದ ಕಡೆ ಬೊಂಬೆ ಕೂರಿಸಿದ.

ಲೆಕ್ಕ ತಪ್ಪಿದ್ದೂ ಉಂಟು. 1924ರ ‘ಷರ್ಲಾಕ್ ಜೂನಿಯರ್’ ತೆಗೆಯುವಾಗ ರೈಲಿಗೆ ನೀರು ತುಂಬುವ ಕೊಳವೆಯಿಂದ ನೀರು ದಬದಬ ಸುರಿದು ಅವನನ್ನು ಹಳಿಯ ಮೇಲೆ ಕೆಡವಿತು. ತಲೆನೋವು ಅಂದುಕೊಂಡು ಕೆಲಸ ಮುಂದುವರಿಸಿದ. ಕತ್ತಿನ ಮೂಳೆ ಮುರಿದಿತ್ತು ಅಂತ ಗೊತ್ತಾಗಿದ್ದು ವರ್ಷಗಳ ಮೇಲೆ ಎಕ್ಸ್‌ರೇ ತೆಗೆಸಿದಾಗ! ಈ ಮೂರೂ ಚಿತ್ರಗಳು ಈಗ ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತವೆ, ಮಾತೇ ಇಲ್ಲ, ಆದ್ದರಿಂದ ಇಂಗ್ಲಿಷ್ ಬರೋಲ್ಲ ಅನ್ನುವ ನೆಪವೂ ಇಲ್ಲ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ.

ಈಗ ಕೀಟನ್‌ನಂಥವರನ್ನು ಬಿಟ್ಟು, ಹೀರೋ ಒಬ್ಬ, ಹಾರುವವನು ಇನ್ನೊಬ್ಬ ಅನ್ನುವ ಕಾಲಕ್ಕೆ ಬನ್ನಿ. ‘ದಿ ಗ್ರೇಟ್ ಎಸ್ಕೇಪ್’, 1963. ಜರ್ಮನರ ಸೆರೆಶಿಬಿರದಿಂದ ಸುರಂಗ ತೋಡಿ ತಪ್ಪಿಸಿಕೊಳ್ಳುವವರ ಕಥೆ. ಸ್ಟೀವ್ ಮ್ಯಾಕ್‌ಕ್ವೀನ್ ಮೋಟರ್‌ಬೈಕಿನಲ್ಲಿ ಹಸಿರು ಗುಡ್ಡದ ಮೇಲೆ ಬಂದು ಮುಳ್ಳುತಂತಿ ಬೇಲಿಯನ್ನು ಹಾರಿಸಿಬಿಡುವ ದೃಶ್ಯ ಇದೆಯಲ್ಲ, ಅದನ್ನು ನೋಡಿ ಬೈಕಿನ ಹುಚ್ಚು ಹಿಡಿದವರು ಜಗತ್ತಿನಲ್ಲಿ ಎಷ್ಟು ಮಂದಿಯೋ! ಮ್ಯಾಕ್‌ಕ್ವೀನ್ ಒಳ್ಳೆಯ ಸವಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಲಿ ಹಾರಿದವನು ಅವನಲ್ಲ. ಅವನ ಗೆಳೆಯ ಬಡ್ ಎಕಿನ್ಸ್. ಐದು ವರ್ಷ ಬಿಟ್ಟು 1968ರಲ್ಲಿ ಇದೇ ಎಕಿನ್ಸ್ ‘ಬುಲ್ಲಿಟ್’ ಚಿತ್ರದಲ್ಲಿ ಬೈಕನ್ನು ರಸ್ತೆಗೆ ಮಲಗಿಸಿ ಜಾರಿಕೊಂಡು ಹೋಗುತ್ತಾನೆ. ‘ಬುಲ್ಲಿಟ್’ ನೋಡದವರು ಸ್ಯಾನ್ ಫ್ರಾನ್ಸಿಸ್ಕೋ ಏರಿಳಿತದ ಬೀದಿಗಳಲ್ಲಿ ಆ ಎರಡು ಕಾರುಗಳ ಓಟಕ್ಕಾದರೂ ನೋಡಬೇಕು. ಸುಮಾರು ಹತ್ತು ನಿಮಿಷ. ಬೇಟೆ ಶುರುವಾದ ತಕ್ಷಣ ಹಿನ್ನೆಲೆ ಸಂಗೀತ ನಿಂತುಹೋಗುತ್ತದೆ, ಬರೀ ಎಂಜಿನ್ ಮತ್ತು ಟೈರಿನ ಸದ್ದು. ನಮ್ಮವರು ಮಾತ್ರ ಅಂಥ ಕಡೆಯೇ ಡೋಲು ಬಾರಿಸಿ ಕಿವಿ ಹರಿಯುತ್ತಾರೆ.

ಗ್ರೇಟ್ ಎಸ್ಕೇಪ್ ನಿರ್ದೇಶಿಸಿದ ಜಾನ್ ಸ್ಟರ್ಜಸ್‌ನೇ 1960ರಲ್ಲಿ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ತೆಗೆದವನು. ಅದರ ತಾಯಿ ಜಪಾನಿನಲ್ಲಿದ್ದಾಳೆ. ಕುರೊಸಾವಾ ಅವರ ‘ಸೆವೆನ್ ಸಮುರಾಯ್’, 1954. ಮೂರು ಗಂಟೆ ಇಪ್ಪತ್ತೇಳು ನಿಮಿಷ ಅಂದಕೂಡಲೇ ಹೆದರಬೇಡಿ. ರಾಗಿ ಮುದ್ದೆ ಉಂಡು ಕೂತರೆ ಎದ್ದೇಳಲು ಮನಸ್ಸಾಗೋಲ್ಲ. ಬೆಳೆ ದೋಚಲು ಬರುವ ಡಕಾಯಿತರು ನಲವತ್ತು. ರೈತರು ಅನ್ನ ಹಾಕಿ ಕರೆತಂದ ಯೋಧರು ಏಳು. ಇಲ್ಲೂ ಲೆಕ್ಕವೇ! ಮುಖ್ಯಸ್ಥ ಕಾಂಬೇ ಒಂದು ಕಾಗದದ ಮೇಲೆ ಸೊನ್ನೆ ಬರೆದುಕೊಂಡು, ಒಬ್ಬೊಬ್ಬ ಡಕಾಯಿತ ಸತ್ತಂತೆ ಒಂದೊಂದು ಸೊನ್ನೆ ಹೊಡೆದುಹಾಕುತ್ತಾನೆ. ಎಷ್ಟು ಮಂದಿ ಉಳಿದರು, ಯಾವ ದಿಕ್ಕಿನಿಂದ ಬರುತ್ತಾರೆ, ಬೇಲಿ ಎಲ್ಲಿದೆ, ಗದ್ದೆಗೆ ನೀರು ಬಿಟ್ಟಿದ್ದು ಎಲ್ಲಿ, ಎಲ್ಲವೂ ಪ್ರೇಕ್ಷಕನಿಗೆ ಗೊತ್ತು. ಆದ್ದರಿಂದಲೇ ಕೊನೆಯಲ್ಲಿ ಮಳೆ, ಕೆಸರು, ಕುದುರೆ, ಕೂಗಾಟದ ನಡುವೆಯೂ ನಮಗೆ ಗೊಂದಲವಿಲ್ಲ. ಚಳಿಗಾಲದಲ್ಲಿ ಮೊಣಕಾಲು ಮಟ್ಟದ ಕೆಸರಿನಲ್ಲಿ ಆ ನಟರು ಹೊಡೆದಾಡಿದರು. ಏಳರಲ್ಲಿ ನಾಲ್ವರು ಸಾಯುತ್ತಾರೆ, ನಾಲ್ವರೂ ಗುಂಡಿಗೆ. ಕತ್ತಿಗೆ ಒಬ್ಬನೂ ಇಲ್ಲ. ಜೀವಮಾನವಿಡೀ ಕತ್ತಿ ಕಲಿತವನನ್ನು ಮರೆಯಲ್ಲಿ ನಿಂತವನೊಬ್ಬ ಬೆರಳು ಅಲ್ಲಾಡಿಸಿ ಮುಗಿಸುತ್ತಾನೆ. ಆ ಕತ್ತಿಯ ನಿಪುಣ ಕ್ಯೂಜೋ ಬೀಳುವ ಗಳಿಗೆಯನ್ನು ನೋಡಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಈ ಚಿತ್ರದಲ್ಲಿ ಬಿದ್ದವನ ಹೆಸರು ನಮಗೆ ಗೊತ್ತಿರುತ್ತದೆ, ಅವನ ಜೊತೆ ಎರಡೂವರೆ ಗಂಟೆ ಬಾಳಿರುತ್ತೇವೆ.

ಊರು ಕಾಯಲು ಕೂಲಿಗೆ ಬಂದವರು ಅಂದಕೂಡಲೇ ನಿಮಗೆ ಹೊಳೆದೇ ಇರುತ್ತದೆ. ‘ಶೋಲೆ’! 1975ರ ಆಗಸ್ಟ್ 15ರಂದು ತೆರೆಗೆ ಬಂತು. ಆ ರಾಮಗಢ ಇರೋದು ಎಲ್ಲೋ ಉತ್ತರದಲ್ಲಲ್ಲ, ನಮ್ಮ ರಾಮನಗರದಲ್ಲಿ. ಬೆಂಗಳೂರು-ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಕಾಣುವ ಬಂಡೆಗಳೇ. ಶೋಲೆ ನೋಡಿದವರ ಬಾಯಲ್ಲೆಲ್ಲ ಗಬ್ಬರ್, ಜೈ, ವೀರು. ಬಸಂತಿಯ ಟಾಂಗಾ ಡಕಾಯಿತರ ಕುದುರೆಗಳ ಮುಂದೆ ಎಗರೆಗರಿ ಓಡುತ್ತದಲ್ಲ, ಆ ಟಾಂಗಾ ಓಡಿಸಿದ್ದು ಯಾರು? ಹೇಮಾ ಮಾಲಿನಿ ಅಂತೀರಿ. ಹತ್ತಿರದ ಷಾಟುಗಳಲ್ಲಿ ಹೌದು. ಜೀವಕ್ಕೆ ಅಪಾಯವಿದ್ದ ಕಡೆ ಆಕೆಯ ಬಟ್ಟೆ ತೊಟ್ಟು ಕೂತಿದ್ದು ರೇಷ್ಮಾ ಪಠಾಣ್ ಅನ್ನುವ ಸ್ಟಂಟ್ ಹುಡುಗಿ. ಟಾಂಗಾ ಮಗುಚಿ ಆಕೆಗೆ ಪೆಟ್ಟಾಯಿತು, ಹೊಲಿಗೆ ಬಿತ್ತು, ಮತ್ತೆ ಬಂದು ಕೆಲಸ ಮುಗಿಸಿದಳು. ಆಕೆಯ ಬದುಕೇ ಒಂದು ಚಿತ್ರವಾಗಿದ್ದು 2019ರಲ್ಲಿ, ‘ದಿ ಶೋಲೆ ಗರ್ಲ್’ ಅಂತ. ಶೋಲೆ ಬಂದು 44 ವರ್ಷದ ಮೇಲೆ! ಶೋಲೆಯನ್ನು ಹತ್ತು ಸಲ ನೋಡಿದವರು ಹನ್ನೊಂದನೆಯ ಸಲ ಆ ಟಾಂಗಾವನ್ನಷ್ಟೇ ನೋಡಿ, ಮುಖ ಕಾಣದಂತೆ ಬಗ್ಗಿ ಲಗಾಮು ಹಿಡಿದವಳನ್ನು ನೋಡಿ.

ಹೆಂಗಸರು ಅಂದಾಗ ನೆನಪಾಯಿತು. ರೇಷ್ಮಾಗೂ ನಲವತ್ತು ವರ್ಷ ಮೊದಲು ಮುಂಬಯಿಯಲ್ಲಿ ಒಬ್ಬಾಕೆ ಇದ್ದಳು. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಮೇರಿ ಇವಾನ್ಸ್, ಪರದೆಯ ಮೇಲೆ ಫಿಯರ್‌ಲೆಸ್ ನಾಡಿಯಾ. 1935ರ ‘ಹಂಟರ್‌ವಾಲಿ’ಯಲ್ಲಿ ಚಾವಟಿ, ಮುಖವಾಡ, ಕುದುರೆ. ಮರುವರ್ಷದ ‘ಮಿಸ್ ಫ್ರಾಂಟಿಯರ್ ಮೇಲ್’ನಲ್ಲಿ ಓಡುವ ರೈಲಿನ ಮೇಲೆ ಗಂಡಸರನ್ನು ಎತ್ತಿ ಎತ್ತಿ ಒಗೆಯುತ್ತಾಳೆ. ಡ್ಯೂಪ್ ಗೀಪ್ ಏನಿಲ್ಲ, ಎಲ್ಲ ತಾನೇ. ನಮ್ಮ ಈಗಿನ ನಾಯಕಿಯರಿಗೆ ಕ್ಲೈಮ್ಯಾಕ್ಸಿನಲ್ಲಿ ಕಂಬಕ್ಕೆ ಕಟ್ಟಿಸಿಕೊಂಡು ಕಿರುಚುವುದಷ್ಟೇ ಕೆಲಸ. ಅವರ ತಪ್ಪಲ್ಲ ಬಿಡಿ, ಬರೆಯುವವರ ತಲೆ ಅಷ್ಟೇ ಓಡೋದು.

ನಮ್ಮ ಕನ್ನಡದ್ದು ಯಾವುದು ಅಂತ ಕೇಳುತ್ತೀರಿ. 1968ರ ‘ಜೇಡರ ಬಲೆ’. ದೊರೈ-ಭಗವಾನ್ ಜೋಡಿಯ ಚಿತ್ರ, ಅಣ್ಣಾವ್ರು ಸಿಐಡಿ 999. ಅಲ್ಲಿಯ ತನಕ ಕಿರೀಟ, ಕಾವಿ, ಕಚ್ಚೆಪಂಚೆಯಲ್ಲಿ ಕಂಡಿದ್ದವರು ಕೋಟು ತೊಟ್ಟು ಪಿಸ್ತೂಲು ಹಿಡಿದದ್ದು ಒಂದು ಮೋಜು. ಹೊಡೆದಾಟ ಈಗಿನ ಕಣ್ಣಿಗೆ ನಿಧಾನ, ಸುಳ್ಳು ಹೇಳೋಲ್ಲ. ಆದರೆ ಆ ಲವಲವಿಕೆ ಇದೆಯಲ್ಲ! ‘ಗೋವಾದಲ್ಲಿ ಸಿಐಡಿ 999’, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಎಲ್ಲ ಅದರ ಬೆನ್ನಿಗೇ ಬಂದ ತಮ್ಮಂದಿರು. ಶಂಕರ್ ನಾಗ್ ಅವರ ‘ಮಿಂಚಿನ ಓಟ’ವನ್ನೂ (1980) ಸೇರಿಸಿಕೊಳ್ಳಿ. ಕಾರು ಕಳ್ಳರ ಕಥೆ. ದುಡ್ಡಿನ ಆಡಂಬರ ಇಲ್ಲದೆ ವೇಗ ಹುಟ್ಟಿಸುವುದು ಹೇಗೆ ಅಂತ ಅದನ್ನು ನೋಡಿ ಕಲಿಯಬೇಕು.

ಇನ್ನು ಹಾಂಕಾಂಗ್. ಬ್ರೂಸ್ ಲೀ ಹೆಸರು ಹೇಳದೆ ಮುಂದೆ ಹೋದರೆ ನೀವು ನನ್ನನ್ನು ಬದುಕಗೊಡುವುದಿಲ್ಲ. ‘ಎಂಟರ್ ದಿ ಡ್ರಾಗನ್’ ತೆರೆ ಕಾಣುವ ಮೊದಲೇ, 1973ರ ಜುಲೈ 20ರಂದು, ಆತ ತೀರಿಕೊಂಡ. ಅದೇ ಚಿತ್ರದಲ್ಲಿ ಬ್ರೂಸ್ ಲೀ ಕೈಲಿ ಕತ್ತು ಮುರಿಸಿಕೊಂಡು ಬೀಳುವ ಒಬ್ಬ ಹೆಸರಿಲ್ಲದ ಫೈಟರ್ ಇದ್ದಾನೆ. ಕಣ್ಣು ಮಿಟುಕಿಸಿದರೆ ಹೋಯಿತು. ಅವನೇ ಮುಂದೆ ಜಾಕಿ ಚಾನ್ ಆದದ್ದು!

ಬಿದ್ದವನು ಹೀರೋ ಆದರೆ ಎಂಥ ಚಿತ್ರ ತೆಗೆಯುತ್ತಾನೆ ಅನ್ನುವುದಕ್ಕೆ 1985ರ ‘ಪೊಲೀಸ್ ಸ್ಟೋರಿ’ ನೋಡಬೇಕು (ನಮ್ಮ ಸಾಯಿಕುಮಾರ್ ಅವರದ್ದಲ್ಲ, ಅದು ಬೇರೆ ಊಟ). ಕೊನೆಯ ಹೊಡೆದಾಟ ಒಂದು ಬಹುಮಹಡಿ ಷಾಪಿಂಗ್ ಸೆಂಟರಿನಲ್ಲಿ. ಎಷ್ಟು ಗಾಜು ಒಡೆದರು ಅಂದರೆ, ಚಿತ್ರತಂಡದವರೇ ಅದಕ್ಕೆ ‘ಗಾಜಿನ ಕಥೆ’ ಅಂತ ಅಡ್ಡಹೆಸರು ಇಟ್ಟುಬಿಟ್ಟರು. ಅಲ್ಲಿ ಜಾಕಿ ಮೇಲಿನ ಮಹಡಿಯಿಂದ ದೀಪದ ಸರ ಸುತ್ತಿದ ಒಂದು ಕಂಬಕ್ಕೆ ಹಾರಿ ಸರ್ರಂತ ಕೆಳಗೆ ಜಾರುತ್ತಾನೆ. ಬಲ್ಬು ಪಟಪಟ ಸಿಡಿಯುತ್ತದೆ. ಒಂದೇ ಟೇಕ್. ಅಂಗೈ ಸುಟ್ಟಿತು, ಬೆನ್ನಿಗೆ ಪೆಟ್ಟಾಯಿತು. ಚಿತ್ರದಲ್ಲಿ ಆ ಒಂದು ಜಾರುವಿಕೆಯನ್ನು ಮೂರು ಕೋನದಿಂದ ಮೂರು ಸಲ ತೋರಿಸುತ್ತಾರೆ. ಅಷ್ಟು ಕಷ್ಟಪಟ್ಟವನು ಒಂದೇ ಸಲ ತೋರಿಸಿದರೆ ಲಾಸು ಅಲ್ಲವೇ!

ಜಾಕಿಯ ಚಿತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಾತ್ರ ಚಿತ್ರ ಮುಗಿದ ಮೇಲಿನ ಭಾಗ. ಹೆಸರುಗಳು ಓಡುತ್ತಿರುವಾಗ ತಪ್ಪಿದ ಟೇಕುಗಳನ್ನು ತೋರಿಸುತ್ತಾರೆ. ಹೀರೋ ತಲೆ ಹಿಡಿದು ಕೂತಿದ್ದಾನೆ. ಅವನ ತಂಡದ ಹುಡುಗನೊಬ್ಬ ಬಿದ್ದಲ್ಲೇ ಮಿಸುಕಾಡುತ್ತಿಲ್ಲ, ನಾಲ್ಕು ಮಂದಿ ಓಡಿ ಬಂದು ಎತ್ತಿಕೊಳ್ಳುತ್ತಾರೆ. ಶಿಳ್ಳೆ ಹೊಡೆದ ಬಾಯಿ ಅಲ್ಲಿಗೆ ಮುಚ್ಚುತ್ತದೆ.

ನಮ್ಮಲ್ಲೂ ಒಮ್ಮೆ ಪರದೆ ಹಾಗೆ ನಿಂತದ್ದುಂಟು. 1982ರ ಜುಲೈ 26ರಂದು ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ‘ಕೂಲಿ’ ಚಿತ್ರೀಕರಣದಲ್ಲಿ ಅಮಿತಾಭ್ ಬಚ್ಚನ್ ಹೊಟ್ಟೆಗೆ ಪೆಟ್ಟು ಬಿತ್ತು. ಮೇಜಿನ ಅಂಚು. ದೇಶವೇ ದೇವರಿಗೆ ಹರಕೆ ಹೊತ್ತಿತು. ಮರುವರ್ಷ ಚಿತ್ರ ಬಂದಾಗ ಆ ಜಾಗದಲ್ಲಿ ದೃಶ್ಯವನ್ನು ಗಕ್ಕನೆ ನಿಲ್ಲಿಸಿ, ಪೆಟ್ಟಾದದ್ದು ಇಲ್ಲೇ ಅಂತ ಅಕ್ಷರದಲ್ಲಿ ತೋರಿಸಿದರು. ಬಚ್ಚನ್ ಬದುಕಿದ್ದು ದೊಡ್ಡ ಪುಣ್ಯ. ಮಲಯಾಳದ ಹೀರೋ ಜಯನ್‌ಗೆ ಆ ಪುಣ್ಯ ಇರಲಿಲ್ಲ. ಡ್ಯೂಪ್ ಬೇಡ ಅಂತ ತಾನೇ ಹೆಲಿಕಾಪ್ಟರಿಗೆ ಜೋತುಬಿದ್ದು, 1980ರ ನವೆಂಬರ್ 16ರಂದು ಮದರಾಸಿನ ಹತ್ತಿರದ ಷೋಳವರಂನಲ್ಲಿ ಹೋಗಿಬಿಟ್ಟ. ಫೈಟರ್ ಒಬ್ಬನಿಗಾಗಿ ನಮ್ಮ ಯಾವ ಚಿತ್ರವಾದರೂ ಅರೆಗಳಿಗೆ ಹಾಗೆ ನಿಂತದ್ದನ್ನು ನಾನಂತೂ ನೋಡಿಲ್ಲ.

2016ರ ನವೆಂಬರ್ 7. ನಾನು ಪಿಯುಸಿಗೆ ದೊಡ್ಡ ನಮಸ್ಕಾರ ಹಾಕಿ ಅಲೆಯುತ್ತಿದ್ದ ಕಾಲ. ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ಯ ಕ್ಲೈಮ್ಯಾಕ್ಸ್. ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಅನಿಲ್ ಮತ್ತು ಉದಯ್ ಮತ್ತೆ ದಡ ಸೇರಲಿಲ್ಲ. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಹಾರುವ ಆ ತುಣುಕು ಅವತ್ತು ಸಂಜೆಯೊಳಗೆ ಊರಿನ ಎಲ್ಲ ಫೋನುಗಳಲ್ಲಿತ್ತು. ಟೀ ಅಂಗಡಿಯಲ್ಲಿ ಪಕ್ಕದವನ ಫೋನಿಗೆ ಬಗ್ಗಿ ನಾನೂ ನೋಡಿದೆ. ಅಲ್ಲಿ ನಿಂತಿದ್ದ ಯಾರೂ ಅದನ್ನು ಎರಡನೆಯ ಸಲ ಹಾಕು ಅನ್ನಲಿಲ್ಲ. ಇಬ್ಬರೂ ಮೈಕಟ್ಟು ಬೆಳೆಸಿಕೊಂಡ ಹುಡುಗರು, ದೊಡ್ಡ ಖಳನಟರಾಗುವ ಆಸೆ ಹೊತ್ತವರು. ಧೈರ್ಯಕ್ಕೆ ಏನೂ ಕಡಿಮೆ ಇರಲಿಲ್ಲ. ಕೀಟನ್‌ನ ಗೋಡೆಯ ಹತ್ತಿರ ಇದ್ದ ಆ ಅಂಗುಲದ ಲೆಕ್ಕ ಮಾತ್ರ ನೀರಿನ ಹತ್ತಿರ ಇರಲಿಲ್ಲ. ಅದಾಗಿ ಐದು ವರ್ಷಕ್ಕೆ, 2021ರ ಆಗಸ್ಟ್‌ನಲ್ಲಿ, ಬಿಡದಿ ಹತ್ತಿರ ಇನ್ನೊಂದು ಚಿತ್ರದ ಫೈಟಿಂಗ್ ತೆಗೆಯುವಾಗ ಕರೆಂಟು ತಗುಲಿ ಒಬ್ಬ ಫೈಟರ್ ಸತ್ತ. ಶೋಲೆಯ ಬಂಡೆಗಳಿಂದ ಅದೇನು ದೂರ? ಬಸ್ಸಿನಲ್ಲಿ ಒಂದು ನಿದ್ದೆಯೂ ಆಗದು.

ಈ ಪತ್ರಿಕೆಯ ಕೆಲಸದ ಮೇಲೆ ಷೂಟಿಂಗ್ ಜಾಗಗಳಿಗೆ ಹೋದಾಗ ಹೀರೋ ಕ್ಯಾರವಾನಿನಿಂದ ಇಳಿಯುವ ತನಕ ಫೈಟರುಗಳ ಜೊತೆ ಕೂತು ಹರಟುವುದು ನನ್ನ ಚಟ. ಒಬ್ಬರಿದ್ದಾರೆ, ಐವತ್ತು ದಾಟಿದವರು, ಹೆಸರು ಬರೀಬೇಡಿ ಸಾರ್ ಅಂತ ಕೈಮುಗಿದರು. ಅವರ ಕಾಲದಲ್ಲಿ ಮಹಡಿಯಿಂದ ಬೀಳಲು ಕೆಳಗೆ ಖಾಲಿ ರಟ್ಟಿನ ಡಬ್ಬಗಳನ್ನು ಜೋಡಿಸಿ ಮೇಲೆ ಹಾಸಿಗೆ ಹಾಕುತ್ತಿದ್ದರಂತೆ. ಡಬ್ಬಗಳನ್ನು ಬೇರೆಯವರು ಜೋಡಿಸಿದರೆ ಇವರು ಬೀಳುತ್ತಿರಲಿಲ್ಲ. ತಾವೇ ಒಂದೊಂದು ಡಬ್ಬವನ್ನೂ ಕೈಯಿಂದ ಒತ್ತಿ ನೋಡಿ, ಮೇಲಕ್ಕೆ ಹೋಗಿ ಒಮ್ಮೆ ಬಗ್ಗಿ ನೋಡಿ, ಆಮೇಲೆ ಡೈರೆಕ್ಟರಿಗೆ ಕೈ ಎತ್ತುತ್ತಿದ್ದರು. ಲೇಟಾಯಿತು ಅಂತ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಪ್ಯಾಂಟು ಮೇಲೆ ಮಡಿಚಿ ಮೊಣಕಾಲು ತೋರಿಸಿದರು. ಅದನ್ನು ಇಲ್ಲಿ ವರ್ಣಿಸುವುದು ಬೇಡ, ಊಟದ ಹೊತ್ತಿನಲ್ಲಿ ಓದುವವರೂ ಇದ್ದೀರಿ.

ಈಗೀಗ ಕಾಲ ಒಂದು ಚೂರು ತಿರುಗಿದೆ ಅನ್ನಬೇಕು. ಹಗ್ಗ, ಬೆಲ್ಟು, ಕಂಪ್ಯೂಟರಿನಲ್ಲಿ ಹಗ್ಗ ಅಳಿಸುವ ವಿದ್ಯೆ ಬಂದಿದೆ. ಅದೆಲ್ಲ ಮೋಸ, ಹಳೆಯದೇ ಅಸಲಿ ಅನ್ನುವವರ ಜೊತೆ ನಾನಿಲ್ಲ. ಹಗ್ಗ ಕಟ್ಟಿಕೊಂಡು ಬಿದ್ದವನು ಸಂಜೆ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುತ್ತಾನಲ್ಲ, ನನ್ನ ಟಿಕೆಟ್ಟಿನ ದುಡ್ಡು ಅಲ್ಲಿಗೆ ವಸೂಲಾಯಿತು. ರಾಷ್ಟ್ರಪ್ರಶಸ್ತಿಯಲ್ಲಿ 2016ರ ಚಿತ್ರಗಳಿಂದ ಸಾಹಸ ನಿರ್ದೇಶನಕ್ಕೂ ಪ್ರಶಸ್ತಿ ಕೊಡುತ್ತಿದ್ದಾರೆ. ನಮ್ಮ ‘ಕೆಜಿಎಫ್’ನ ಎರಡೂ ಭಾಗಗಳಿಗೆ, ನಡುವೆ ‘ಅವನೇ ಶ್ರೀಮನ್ನಾರಾಯಣ’ಕ್ಕೆ ಅದು ಬಂತು. ಆಸ್ಕರಿನವರು ಇನ್ನೂ ಹಿಂದೆ! 1939ರ ‘ಸ್ಟೇಜ್‌ಕೋಚ್’ನಲ್ಲಿ ಓಡುವ ಕುದುರೆಗಳ ನಡುವೆ ನೆಲಕ್ಕೆ ಬಿದ್ದು, ಇಡೀ ಸಾರೋಟು ತನ್ನ ಮೇಲೆ ಹಾಯ್ದುಹೋಗಲು ಬಿಟ್ಟ ಯಾಕಿಮಾ ಕನಟ್ ಎಂಬ ಮಹಾನುಭಾವನಿಗೆ 1967ರಲ್ಲಿ ಒಂದು ಗೌರವ ಆಸ್ಕರ್ ಕೊಟ್ಟು ಸುಮ್ಮನಾದರು. ಸ್ಟಂಟಿಗೇ ಅಂತ ಪ್ರತಿವರ್ಷದ ಪ್ರಶಸ್ತಿ ಇಡುತ್ತೇವೆ ಅಂತ ಅವರು ಸಾರಿದ್ದು 2025ರಲ್ಲಿ, ಅದೂ 2027ರಲ್ಲಿ ಬಿಡುಗಡೆಯಾಗುವ ಚಿತ್ರಗಳಿಂದ.

ದಾವಣಗೆರೆಯ ಮಹನೀಯರೇ, ಇಷ್ಟು ಸಾಕೇ? ಎಲ್ಲವನ್ನೂ ಒಂದೇ ವಾರದಲ್ಲಿ ನೋಡಿ ಕಣ್ಣು ಕೆಡಿಸಿಕೊಳ್ಳಬೇಡಿ. ಈ ಭಾನುವಾರ ‘ದಿ ಜನರಲ್’, ಮುಂದಿನ ಭಾನುವಾರ ‘ಸೆವೆನ್ ಸಮುರಾಯ್’. ಜಾಕಿಯದನ್ನು ರಾತ್ರಿ ಹೊತ್ತು ನೋಡಬೇಡಿ, ಗಾಜಿನ ಸದ್ದಿಗೆ ಪಕ್ಕದ ಮನೆಯವರು ಕಳ್ಳ ಬಂದ ಅಂತ ಎದ್ದು ಬರುತ್ತಾರೆ. ಇನ್ನೊಂದು ಕೆಲಸ. ನಿಮ್ಮೂರಿನ ಟಾಕೀಸಿಗೆ ಯಾವ ಕನ್ನಡ ಚಿತ್ರ ಬಂದರೂ ಸರಿ, ಹೆಸರು ತೋರಿಸುವಾಗ ಹೊರಗೆ ಬೀಡಿಗೆ ಎದ್ದು ಹೋಗದೆ ಕೂತು, ಸಾಹಸ ನಿರ್ದೇಶಕರ ಹೆಸರಿನ ಕೆಳಗೆ ಫೈಟರುಗಳ ಹೆಸರು ಹಾಕಿದ್ದಾರಾ ನೋಡಿ. ಹಾಕಿದ್ದರೆ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಬಂದ ಹೆಸರುಗಳನ್ನೆಲ್ಲ ಇದೇ ಪುಟದಲ್ಲಿ, ಹೀರೋ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸುತ್ತೇನೆ.

ಮುಂದಿನ ವಾರ: ಅಳುವ ಚಿತ್ರಗಳು. ಕರ್ಚೀಫು ತನ್ನಿ.